ನೀರಿಗೆ ಕೊಳೆ ಸೇರಿದ್ದು ಎಲ್ಲಿ?

2023ರ ಮೇ ತಿಂಗಳು. ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಕಲುಷಿತ ನೀರು ಕುಡಿದು ಹತ್ತಾರು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಹಿಂದಿನ ವರ್ಷ ರಾಯಚೂರು ನಗರದಲ್ಲೇ ನಲ್ಲಿ ನೀರು ಜೀವ ತೆಗೆದಿತ್ತು. ಡಾಕ್ಟರು ಸಲೈನ್ ಏರಿಸುತ್ತಾರೆ, ಸರಿ. ಆದರೆ ಕೊಳೆ ಸೇರಿದ್ದು ಪೈಪಿನಲ್ಲೋ, ಟ್ಯಾಂಕಿನಲ್ಲೋ, ಶುದ್ಧೀಕರಣ ಘಟಕದಲ್ಲೋ? ಅದನ್ನು ಪತ್ತೆ ಹಚ್ಚುವವರು ಬೇಕು. ಪರಿಸರ ಆರೋಗ್ಯದ ಸ್ನಾತಕೋತ್ತರ ಓದು ಕಲಿಸುವುದು ಅದನ್ನೇ.

ಎಚ್‌ಟುಎಸ್ ಬಾಟಲಿ ನೋಡಿ, ನೀರು ಪರೀಕ್ಷಿಸುವ ಸರಳ ಸಾಧನ. ಗೆರೆಯವರೆಗೆ ನೀರು ತುಂಬಿ, ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಡಿ. ನೀರು ಕಪ್ಪಾದರೆ ಮಲದ ಬ್ಯಾಕ್ಟೀರಿಯಾ ಸೇರಿರುವ ಸೂಚನೆ.

ಫ್ಲೋರೈಡ್ ಹಾಗಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಲೆ ಮೂಡುತ್ತದೆ, ಇನ್ನೂ ಹೆಚ್ಚಾದರೆ ದೊಡ್ಡವರ ಕೀಲು ಬಿಗಿಯುತ್ತದೆ. ಕುದಿಸಿದರೂ ಹೋಗದು, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಇದು ಮನೆಮನೆಗೂ ಗೊತ್ತಿರಬೇಕಾದ ಮಾತು.

ಮಾನ್ವಿಯ ಭತ್ತದ ಗದ್ದೆಗೆ ಔಷಧಿ ಹೊಡೆಯುವವರ ಉಸಿರು, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ, ಹಟ್ಟಿ ಚಿನ್ನದ ಗಣಿಯ ಧೂಳು, ಇವೂ ಇದೇ ಓದಿನ ವಿಷಯ.

ಬಿಎಸ್ಸಿ ಆದವರಿಗೆ ಮೈಸೂರು, ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನದ ಎಂಎಸ್ಸಿ ಇದೆ. ಜನಾರೋಗ್ಯದ ಕಡೆ ಒಲವಿದ್ದರೆ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ. ಕಲ್ಯಾಣ ಕರ್ನಾಟಕದವರಾದರೆ 371ಜೆ ಮೀಸಲಾತಿಯ ಅರ್ಹತಾ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ, ಸೀಟಿಗೆ ನೆರವಾಗುತ್ತದೆ.

ಪ್ರಾಜೆಕ್ಟಿಗೆ ನಿಮ್ಮೂರಿನ ಬೋರ್‌ವೆಲ್‌ಗಳನ್ನೇ ಆರಿಸಿಕೊಳ್ಳಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೊಮ್ಮೆ ಸ್ಯಾಂಪಲ್ ತೆಗೆಯಿರಿ. ಫಲಿತಾಂಶದ ಒಂದು ಪ್ರತಿ ಗೈಡ್‌ಗೆ, ಇನ್ನೊಂದು ಗ್ರಾಮ ಪಂಚಾಯ್ತಿಗೆ.