ಅವ್ವನ ಮನೆತನ

ನಮ್ಮವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಕಣದಲ್ಲಿ ರಾಶಿ ಬಿದ್ದಾಗ ಯಾವ ತೆನೆ ಬೀಜಕ್ಕೆ, ಯಾವುದು ಊಟಕ್ಕೆ ಎಂದು ತೀರ್ಮಾನಿಸುತ್ತಿದ್ದವಳು ಆಕೆಯೇ. ಆ ವಿಷಯದಲ್ಲಿ ಅಪ್ಪ ಎದುರಾಡಿದ್ದನ್ನು ನಾವು ಮಕ್ಕಳು ಎಂದೂ ಕಂಡಿಲ್ಲ. ಗದಗ ಜಿಲ್ಲೆಯ ರೋಣದ ಕಡೆಯ ಎರೆ ಸೀಮೆ ನಮ್ಮದು. ಮಳೆ ಕೈಕೊಟ್ಟ ವರ್ಷಗಳೇ ಹೆಚ್ಚು. ಅಂಥ ನೆಲದಲ್ಲಿ ತುಂಬಿದ ಮನೆಯನ್ನು ಹಸಿವು ಕಾಣದಂತೆ ಸಾಕಿದ ಅವ್ವನನ್ನು ‘ತ್ಯಾಗಮಯಿ’ ಎಂದು ಹೊಗಳಿ ಸುಮ್ಮನಾಗಲು ನನಗೆ ಮನಸ್ಸು ಒಪ್ಪುವುದಿಲ್ಲ. ಆಕೆ ಬಲ್ಲವಳಾಗಿದ್ದಳು. ಆಕೆಯ ಪ್ರೀತಿ ಇದ್ದದ್ದು ಆ ಬಲ್ಲತನದಲ್ಲಿ.

ಹಿಂಗಾರಿ ಜೋಳವನ್ನು ನಮ್ಮ ಕಡೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತುತ್ತಾರೆ. ಎರೆ ಮಣ್ಣು ಹಿಡಿದಿಟ್ಟ ಹಸಿಯ ಮೇಲೇ ಬೆಳೆ ಬರಬೇಕು. ಜೋಳದ ನಡುವೆ ಅಕ್ಕಡಿ ಸಾಲಿನಲ್ಲಿ ಕುಸುಬಿ, ಕಡಲೆ, ಅಗಸೆ. ಒಂದು ಕೈಬಿಟ್ಟರೆ ಇನ್ನೊಂದು ಕೈಹಿಡಿಯಲಿ ಎಂಬ ಲೆಕ್ಕ ಅದು. ಯಾವ ಸಾಲಿಗೆ ಯಾವ ಬೀಜ ಎಂದು ಹೇಳುತ್ತಿದ್ದವಳು ಅವ್ವ. ಕಾಳುಗಟ್ಟಿದ ದಪ್ಪ ತೆನೆಗಳನ್ನು ಆರಿಸಿ, ಬಿಸಿಲಿಗೆ ಒಣಗಿಸಿ, ಬೂದಿ ಬೆರೆಸಿ ಗಡಿಗೆಗೆ ತುಂಬುತ್ತಿದ್ದಳು. ಒಣ ಬೂದಿ ಕಾಳಿನ ಸಂದುಗಳನ್ನು ತುಂಬಿಕೊಳ್ಳುತ್ತದೆ. ನುಸಿಗೆ ಓಡಾಡಲು ಜಾಗ ಸಿಗದು, ಅದರ ಮೈಯ ಪಸೆಯೂ ಆರುತ್ತದೆ. ಕಡಲೆ, ತೊಗರಿಯ ಬೀಜಕ್ಕೆ ಔಡಲೆಣ್ಣೆ ಸವರುವಳು. ಎಣ್ಣೆ ಹತ್ತಿದ ಕಾಳಿನ ಮೇಲೆ ಹುಳದ ತತ್ತಿ ಬದುಕುವುದು ಕಷ್ಟ. ಈ ಕಾರಣಗಳನ್ನು ನಾನು ಓದಿದ್ದು ಕಾಲೇಜಿಗೆ ಹೋದ ಮೇಲೆ. ಅವ್ವ ಹೇಳುತ್ತಿದ್ದದ್ದು ಇಷ್ಟೇ: “ತೂತು ಬಿದ್ದ ಬೀಜ ಭೂಮಿತಾಯಿಗೆ ಕೊಡಬಾರದವ್ವ.”

ರೊಟ್ಟಿಯ ವಿಷಯದಲ್ಲೂ ಹಾಗೆಯೇ. ಗೋಧಿ ಹಿಟ್ಟನ್ನು ಹಿಗ್ಗಿಸಿ ಹಿಡಿದಿಡುವ ಗ್ಲುಟೆನ್ ಜೋಳದಲ್ಲಿ ಇಲ್ಲ. ತಣ್ಣೀರಲ್ಲಿ ನಾದಿದರೆ ಜೋಳದ ಹಿಟ್ಟು ಬಡಿಯುವಾಗಲೇ ಸೀಳಿಹೋಗುತ್ತದೆ. ಕುದಿಯುವ ಎಸರು ಬಿದ್ದರೆ ಹಿಟ್ಟಿನ ಪಿಷ್ಟ ಬೆಂದು ಅಂಟಾಗುತ್ತದೆ, ಆ ಅಂಟೇ ರೊಟ್ಟಿಯನ್ನು ಹಿಡಿದಿಡುತ್ತದೆ. “ರೊಟ್ಟಿ ಹರದ್ರ ಕೈಗೆ ಬೈಬ್ಯಾಡ, ಎಸರು ಆರೇತಿ ಅಂತ ತಿಳ್ಕೊ” ಎಂದು ಅವ್ವ ನನಗೂ ಅತ್ತಿಗೆಗೂ ಕಲಿಸಿದಳು. ಗಿರಣಿಯಿಂದ ತಂದ ಹಿಟ್ಟನ್ನು ಬಹಳ ದಿನ ಇಡುತ್ತಿರಲಿಲ್ಲ, ಜಿಗಿ ಹೋಗುತ್ತದೆ ಎಂದು. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರಿ ತಿರುವಿ ಹಾಕಿದರೆ ಅದು ಪೂರಿಯಂತೆ ಉಬ್ಬಬೇಕು. ಉಬ್ಬದ ರೊಟ್ಟಿಯನ್ನು ತನ್ನ ತಾಟಿಗೆ ಇಟ್ಟುಕೊಳ್ಳುತ್ತಿದ್ದಳು. ಕಟಕ ರೊಟ್ಟಿ ಮಾಡಿ ಬುಟ್ಟಿ ತುಂಬಿಟ್ಟರೆ ಹೊಲದ ಕೆಲಸದ ದಿನಗಳಿಗೆ ಚಿಂತೆಯಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸೆ ಚಟ್ನಿ ಡಬ್ಬಿಗಳಲ್ಲಿ ಇದ್ದೇ ಇರುತ್ತಿದ್ದವು. ಆಳುಮಕ್ಕಳ ಬುತ್ತಿ ಕಟ್ಟಿದ ಮೇಲೆಯೇ ನಮ್ಮ ಬುತ್ತಿ.

ಸೀಗಿ ಹುಣ್ಣಿಮೆ, ಎಳ್ಳಮಾಸಿ ಬಂದರೆ ಹಿಂದಿನ ದಿನದಿಂದಲೇ ಅಡುಗೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಡುಬು, ಶೇಂಗಾ ಹೋಳಿಗೆ ಎಲ್ಲ ಹೊಲಕ್ಕೆ ಹೋಗುತ್ತಿದ್ದವು. ಚರಗ ಚೆಲ್ಲಿ ಭೂಮಿಗೆ ಉಣಿಸಿದ ಮೇಲೆ ಮನೆಮಂದಿಯ ಊಟ. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳನ್ನು ಉಂಡಿ, ತಂಬಿಟ್ಟಿನ ಗಂಟಿಲ್ಲದೆ ಆಕೆ ಕಳಿಸಿದವಳಲ್ಲ.

ಅವ್ವನ ಬಲ್ಲತನ ನನಗೆ ಎಲ್ಲಕ್ಕಿಂತ ಹೆಚ್ಚು ಕಂಡದ್ದು ಅಜ್ಜಿ ಹಾಸಿಗೆ ಹಿಡಿದಾಗ. ಅಜ್ಜಿ ಅವಳಿಗೆ ಅತ್ತೆ. ಲಕ್ವ ಹೊಡೆದು ಒಂದು ಮಗ್ಗುಲು ಪೂರ್ತಿ ಬಿದ್ದುಹೋಗಿತ್ತು. ಅವ್ವ ಹಗಲು ರಾತ್ರಿ ಆಗಾಗ ಎದ್ದು ಅಜ್ಜಿಯ ಮಗ್ಗುಲು ಬದಲಿಸುತ್ತಿದ್ದಳು, ಬೆನ್ನು ಒರೆಸಿ ಒಣಗಿಸುತ್ತಿದ್ದಳು, ಹಾಸಿಗೆಯ ಅರಿವೆಯಲ್ಲಿ ಒಂದು ನಿರಿಗೆಯೂ ಇರದಂತೆ ಎಳೆದು ಹಾಸುತ್ತಿದ್ದಳು. ಹಾಸಿಗೆ ಹಿಡಿದವರ ಮೈ ಒಂದೇ ಕಡೆ ಒತ್ತಿಕೊಂಡಿದ್ದರೆ ಅಲ್ಲಿಗೆ ರಕ್ತ ಸರಿಯಾಗಿ ಹರಿಯದೆ ಹುಣ್ಣಾಗುತ್ತದೆ. ಆಸ್ಪತ್ರೆಗಳಲ್ಲೂ ಇಂಥ ರೋಗಿಗಳ ಮಗ್ಗುಲನ್ನು ಸುಮಾರು ಎರಡು ತಾಸಿಗೊಮ್ಮೆ ಬದಲಿಸುವ ರೂಢಿಯಿದೆ. ಹಾಸಿಗೆ ಹುಣ್ಣು ಇಲ್ಲದೆ ಅಜ್ಜಿ ಕೊನೆಯುಸಿರೆಳೆದಳು. ಅವಳ ಇಳಕಲ್ ಸೀರೆಗಳನ್ನು ಅವ್ವ ಎಸೆಯಲಿಲ್ಲ. ಅಪ್ಪನ ಹಳೆಯ ಧೋತರಗಳ ಜೊತೆ ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನವರೆಗೆ ಸಾಲುದಾರ ಹಾಕಿ ಮೊಮ್ಮಕ್ಕಳಿಗೆ ಕೌದಿ ಹೊಲಿದಳು.

ಇಷ್ಟೆಲ್ಲ ಮಾಡಿದವಳನ್ನು ಸರ್ಕಾರಿ ಕಾಗದ ‘ಗೃಹಿಣಿ’ ಎಂದು ಒಂದೇ ಪದದಲ್ಲಿ ಬರೆದು ಮುಂದೆ ಹೋಗುತ್ತದೆ. 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಜನ ತಮ್ಮ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ದೇಶದಾದ್ಯಂತ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ ಎಂದು ಅದರಲ್ಲಿ ಕಂಡುಬಂತು. ಮನೆಯಲ್ಲಿ ದುಡಿಯುವ ಹೆಂಗಸಿನ ಕೆಲಸಕ್ಕೂ ಬೆಲೆಯಿದೆ, ಅಪಘಾತದ ಪರಿಹಾರ ಲೆಕ್ಕ ಹಾಕುವಾಗ ಅದನ್ನು ಆದಾಯವೆಂದೇ ಹಿಡಿಯಬೇಕು ಎಂದು ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು. ಆದರೆ ಆ ಬೆಲೆಯನ್ನು ನಾವು ಕಟ್ಟಬೇಕಾದದ್ದು ತಾಯಿ ಬದುಕಿರುವಾಗ.

ಅಪ್ಪ ತೀರಿಕೊಂಡ ಮೇಲೆ ನಮ್ಮಣ್ಣ ಮಾಡಿದ ಒಂದು ಕೆಲಸವನ್ನು ನಾನು ಸದಾ ನೆನೆಯುತ್ತೇನೆ. ಪೌತಿ ಖಾತೆಗೆ ಅರ್ಜಿ ಕೊಡುವಾಗ ಅವ್ವನ ಹೆಸರನ್ನೇ ಮೊದಲು ಬರೆಸಿದ. ನಮ್ಮ ಹೆಣ್ಣುಮಕ್ಕಳ ಹೆಸರೂ ಸೇರಿತು. ಇದು ದಯೆಯ ಮಾತಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ಗಂಡ ತೀರಿಕೊಂಡರೆ ಅವನ ಪಾಲಿನ ಆಸ್ತಿಯಲ್ಲಿ ಹೆಂಡತಿಗೂ ಒಬ್ಬೊಬ್ಬ ಮಗ, ಮಗಳಿಗೆ ಬರುವಷ್ಟೇ ಪಾಲಿದೆ. ಆದರೂ ಎಷ್ಟೋ ಮನೆಗಳಲ್ಲಿ ತಾಯಿಯಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಹಕ್ಕು ಬಿಡಿಸಿಬಿಡುತ್ತಾರೆ. ಹೊಸ ಪಹಣಿ ಬಂದ ದಿನ ಅವ್ವ ತನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಿಟ್ಟು, “ನಂದೂ ಹೊಲ ಐತಿ ಅಂದಂಗಾತು” ಎಂದಳು. ಮದುವೆಯಾಗಿ ಬಂದ ದಿನದಿಂದ ದುಡಿದ ಹೊಲ ಅದು.

ತಾಯಿ ಹೋದ ಮೇಲೆ ಫೋಟೋಕ್ಕೆ ಹಾರ ಹಾಕುವುದು, ವರ್ಷಕ್ಕೊಮ್ಮೆ ಎಡೆ ಇಡುವುದು ಬೇಕು. ಅದು ನಮ್ಮ ಸಮಾಧಾನಕ್ಕೆ. ಆಕೆ ಬಾಳಿಸಿದ ಮನೆತನ ಉಳಿಯಬೇಕಾದರೆ ಆಕೆಯ ವಿದ್ಯೆ ಯಾರಾದರೊಬ್ಬರ ಕೈಗೆ ಬರಬೇಕು. ನಮ್ಮ ಮನೆಯಲ್ಲಿ ಅದು ಅತ್ತಿಗೆಯ ಕೈಗೆ ಬಂದಿದೆ. ಬೀಜದ ಗಡಿಗೆಗಳು ಈಗ ಅವರ ಸುಪರ್ದಿನಲ್ಲಿವೆ. ಎಸರಿಟ್ಟು ರೊಟ್ಟಿ ಬಡಿಯುವುದನ್ನು ಅಣ್ಣನ ಮಗನೂ ಕಲಿತಿದ್ದಾನೆ.

ನಿಮ್ಮ ತಾಯಿ ಬದುಕಿದ್ದರೆ ಈ ವಾರವೇ ಅವರ ಹತ್ತಿರ ಕುಳಿತುಕೊಳ್ಳಿ. ಅವರ ಕೈಯಡುಗೆ, ಬೀಜ, ಹೊಲಿಗೆ, ಆರೈಕೆಯ ವಿವರಗಳನ್ನು ಕೇಳಿ ಬರೆದಿಟ್ಟುಕೊಳ್ಳಿ. ಕೆಲಸ ಮಾಡುವ ಅವರ ಕೈಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ. ಹಾಗೆಯೇ ಮನೆಯ ಕಾಗದ, ಹೊಲದ ಪಹಣಿ ತೆಗೆದು ಅವರ ಹೆಸರು ಅಲ್ಲಿ ಇದೆಯೇ ನೋಡಿ. ಕಾಯ್ದೆಯಂತೆ ಇರಬೇಕಾದ ಕಡೆ ಇಲ್ಲದಿದ್ದರೆ, ಅದನ್ನು ಸೇರಿಸುವುದು ಮಕ್ಕಳ ಕರ್ತವ್ಯ.