ಗುಳಿಗೆಗಿಂತ ಮೊದಲು ಕೀಲಿನ ನೀರು

2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಕೃತಕ ಮೊಣಕಾಲಿನ ಬೆಲೆಗೆ ಮಿತಿ ಹಾಕಿತು. ಒಂದೂವರೆ ಲಕ್ಷ ದಾಟಿದ್ದ ಕೋಬಾಲ್ಟ್-ಕ್ರೋಮಿಯಂ ಮೊಣಕಾಲು 54,720 ರೂಪಾಯಿಗೆ ಇಳಿಯಿತು. ದುಡ್ಡಿದ್ದವರ ಆಪರೇಷನ್ ಎನ್ನಿಸಿಕೊಂಡಿದ್ದು ಗದಗ ಸೀಮೆಯ ಮನೆಗಳಲ್ಲೂ ಚರ್ಚೆಗೆ ಬಂತು.

ಮೊಣಕಾಲಿನ ನೋವು ಈ ಜಿಲ್ಲೆಗೆ ಹೊಸದಲ್ಲ. ಮುಂಡರಗಿ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ನೀರು ಎಲುಬು, ಕೀಲುಗಳನ್ನು ಬಿಗಿ ಮಾಡಿದೆ. ಬೆಟಗೇರಿಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ತುಳಿದವರಿದ್ದಾರೆ. ಲಕ್ಷ್ಮೇಶ್ವರ, ಶಿರಹಟ್ಟಿಯ ಹೊಲಗಳಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆದ, ಶೇಂಗಾ ಬಿಡಿಸಿದ ಹೆಣ್ಣುಮಕ್ಕಳಿದ್ದಾರೆ. ಅಂಥವರಿಗೆ ಹೊಸ ಮೊಣಕಾಲು ನಿಜಕ್ಕೂ ಮರುಜೀವ.

ಹಾಗೆ ಹಾಕಿಸಿಕೊಂಡ ನೂರು ಜನರಲ್ಲಿ ಒಬ್ಬಿಬ್ಬರಿಗೆ ಆ ಕೀಲಿಗೇ ಸೋಂಕು ತಗಲುತ್ತದೆ. ಸಂಖ್ಯೆ ಸಣ್ಣದು, ಸಂಕಟ ಸಣ್ಣದಲ್ಲ.

ಲೋಹಕ್ಕೆ ರಕ್ತನಾಳವಿಲ್ಲ. ಚರ್ಮದ ಮೇಲೆ ಯಾರಿಗೂ ತೊಂದರೆ ಕೊಡದೆ ಬದುಕಿರುವ ಸ್ಟೆಫಿಲೋಕಾಕಸ್‌ನಂಥ ಬ್ಯಾಕ್ಟೀರಿಯಾ ಅಲ್ಲಿಗೆ ತಲುಪಿತೆಂದರೆ ಲೋಹಕ್ಕೆ ಅಂಟಿಕೊಂಡು ಸುತ್ತ ಲೋಳೆಯ ಪೊರೆ ಕಟ್ಟುತ್ತದೆ. ವೈದ್ಯರು ಬಯೋಫಿಲ್ಮ್ ಎನ್ನುವುದು ಇದಕ್ಕೇ. ನೀರಿನ ತೊಟ್ಟಿಯ ಒಳಗೋಡೆಗೆ ಕೂತ ಪಾಚಿ ಬರೀ ನೀರು ಸುರಿದರೆ ಹೋಗದು, ಉಜ್ಜಬೇಕು, ಇದೂ ಹಾಗೆಯೇ. ಪೊರೆಯೊಳಗಿನ ಬ್ಯಾಕ್ಟೀರಿಯಾ ಅರೆನಿದ್ದೆಯಲ್ಲಿರುತ್ತವೆ. ನಮ್ಮ ಬಹುಪಾಲು ಆ್ಯಂಟಿಬಯೋಟಿಕ್‌ಗಳು ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುವಂಥವು, ಮಲಗಿದ್ದರ ಮೇಲೆ ಅವುಗಳ ಆಟ ನಡೆಯುವುದಿಲ್ಲ. ಗುಳಿಗೆ ನುಂಗುವಷ್ಟು ದಿನ ಜ್ವರ ಇಳಿದಿರುತ್ತದೆ, ಬಿಟ್ಟ ಮೇಲೆ ಬಾವು ಮತ್ತೆ ಬರುತ್ತದೆ. ಕೊನೆಗೆ ಹಾಕಿದ ಕೀಲನ್ನೇ ತೆಗೆದು, ಆ ಜಾಗದಲ್ಲಿ ಆ್ಯಂಟಿಬಯೋಟಿಕ್ ಬೆರೆಸಿದ ಸಿಮೆಂಟಿನ ಅಚ್ಚು ಇಟ್ಟು, ವಾರಗಟ್ಟಲೆ ಕಾದು ಇನ್ನೊಂದು ಕೀಲು ಕೂಡಿಸಬೇಕಾಗುತ್ತದೆ. ಕೂಲಿ ನಂಬಿದ ಮನೆಗೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ.

ಪೊರೆಯನ್ನೇ ಗುರಿಯಾಗಿಸಿದ ಹೊಸ ಮದ್ದಿನ ಹುಡುಕಾಟದಲ್ಲಿ ಬೆಂಗಳೂರಿನ ಪಾಲೂ ಇದೆ. ವಿಜ್ಞಾನಿ ಜೆ. ರಾಮಚಂದ್ರನ್ 2000ದಲ್ಲಿ ಅಲ್ಲಿ ಗಂಗಾಜೆನ್ ಎಂಬ ಕಂಪನಿ ಕಟ್ಟಿದರು. ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಾಣುಗಳಾದ ಫೇಜ್‌ಗಳು ಅದರ ವಿಷಯ. ಗಂಗಾ, ಯಮುನಾ ನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾವನ್ನು ಕೊಲ್ಲುವ ಏನೋ ಇದೆ ಎಂದು 1896ರಲ್ಲೇ ಹ್ಯಾಂಕಿನ್ ಎಂಬ ವಿಜ್ಞಾನಿ ಬರೆದಿದ್ದ. ಫೇಜ್ ಎಂಬ ಹೆಸರು ಬಂದದ್ದು 1917ರಲ್ಲಿ, ಡಿಹೆರೆಲ್ ಎಂಬ ವಿಜ್ಞಾನಿಯಿಂದ. ಗಂಗಾಜೆನ್‌ನವರು ಇಡೀ ಫೇಜನ್ನು ಬಳಸುವ ಬದಲು, ಬ್ಯಾಕ್ಟೀರಿಯಾದ ಗೋಡೆ ಕೊರೆಯಲು ಅದು ಬಳಸುವ ಕಿಣ್ವದ ತುಣುಕನ್ನು ತೆಗೆದು, ಸ್ಟೆಫಿಲೋಕಾಕಸ್ ಗೋಡೆಯನ್ನು ಹುಡುಕಿ ಹಿಡಿಯುವ ಇನ್ನೊಂದು ಪ್ರೋಟೀನಿನ ತುಣುಕಿಗೆ ಜೋಡಿಸಿದರು. ಅದೇ ಪಿ128. ಗೋಡೆಯನ್ನೇ ಒಡೆಯುವುದರಿಂದ ಬ್ಯಾಕ್ಟೀರಿಯಾ ಎದ್ದಿರಲಿ, ಮಲಗಿರಲಿ, ಇದಕ್ಕೆ ಒಂದೇ. ಪ್ರಯೋಗಾಲಯದಲ್ಲಿ ಇದು ಆ್ಯಂಟಿಬಯೋಟಿಕ್ ಜತೆ ಸೇರಿ ಸ್ಟೆಫಿಲೋಕಾಕಸ್ ಆರಿಯಸ್ ಪೊರೆಯನ್ನು ಕರಗಿಸಿದೆ. ಆದರೆ ಇದಿನ್ನೂ ಔಷಧ ಅಂಗಡಿಯಲ್ಲಿ ಸಿಗುವ ಮದ್ದಲ್ಲ.

ಇದೇ ಜಾತಿಯ ಎಕ್ಸಿಬಕೇಸ್ ಎಂಬ ಮದ್ದನ್ನು ಫ್ರಾನ್ಸಿನ ಲಿಯೋನ್‌ನಲ್ಲಿ ಡಾ. ತ್ರಿಸ್ತಾನ್ ಫೆರಿ ಅವರ ತಂಡ, ಸೋಂಕು ಮರುಕಳಿಸುತ್ತಲೇ ಇದ್ದ ನಾಲ್ವರ ಕೃತಕ ಮೊಣಕಾಲಿಗೆ ನೇರವಾಗಿ ಹಾಕಿ 2021ರಲ್ಲಿ ವರದಿ ಮಾಡಿತು. ನಾಲ್ವರಲ್ಲಿ ಇಬ್ಬರು ಸುಧಾರಿಸಿದರು. ಆದರೆ ಅದೇ ಮದ್ದು ರಕ್ತದ ಸೋಂಕಿನ ದೊಡ್ಡ ಪರೀಕ್ಷೆಯಲ್ಲಿ ಫಲ ಕಾಣದೆ 2022ರಲ್ಲಿ ಆ ಪರೀಕ್ಷೆ ನಿಂತಿತು. ಆದ್ದರಿಂದ 'ಪವಾಡದ ಔಷಧ' ಎಂಬ ಸುದ್ದಿ ನಂಬಿ ಯಾರೂ ಹೊಲ ಮಾರಬಾರದು.

ಸದ್ಯಕ್ಕೆ ಕೈಯಲ್ಲಿರುವ ಬಲವಾದ ಅಸ್ತ್ರ ಹಳೆಯದೇ. ಟಿಬಿಗೆ ಕೊಡುವ, ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುವ ರಿಫಾಂಪಿಸಿನ್. ಸ್ವಿಟ್ಜರ್ಲೆಂಡಿನ ಜಿಮ್ಮರ್ಲಿ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ, ರಿಫಾಂಪಿಸಿನ್ ಜೋಡಿಸಿದ ಚಿಕಿತ್ಸೆಯನ್ನು ಪೂರೈಸಿದ 12 ಜನರಲ್ಲಿ 12 ಜನವೂ ಗುಣವಾದರು. ಅದಿಲ್ಲದ 12ರಲ್ಲಿ ಏಳೇ ಜನ. ಇದನ್ನು ಒಂಟಿಯಾಗಿ ಕೊಡುವಂತಿಲ್ಲ, ಬ್ಯಾಕ್ಟೀರಿಯಾ ಬಲುಬೇಗ ಇದಕ್ಕೆ ಒಗ್ಗಿಬಿಡುತ್ತದೆ. ಟಿಬಿ ಇನ್ನೂ ಬಿಡದ ನಮ್ಮ ನಾಡಿನಲ್ಲಿ ಆ ಎಚ್ಚರ ಇಮ್ಮಡಿ ಬೇಕು. ಹಳ್ಳಿಯ ರೋಗಿಗೆ ಇನ್ನೂ ಹತ್ತಿರದ ಸುದ್ದಿ 2019ರ ಬ್ರಿಟನ್ ಅಧ್ಯಯನದ್ದು: ಎಲುಬು, ಕೀಲಿನ ಸೋಂಕಿದ್ದ ಸಾವಿರಕ್ಕೂ ಹೆಚ್ಚು ಜನರಲ್ಲಿ, ಮೊದಲ ಆರು ವಾರ ಸರಿಯಾಗಿ ಆರಿಸಿದ ಗುಳಿಗೆ ನುಂಗಿದವರಿಗೂ ಇಂಜೆಕ್ಷನ್ ಪಡೆದವರಿಗೂ ಫಲ ಹೆಚ್ಚುಕಡಿಮೆ ಒಂದೇ ಆಗಿತ್ತು. ಅಂದರೆ ವಾರಗಟ್ಟಲೆ ಹುಬ್ಬಳ್ಳಿಯ ವಾರ್ಡಿನಲ್ಲಿ ಮಲಗಬೇಕಾದವರು ಮುಂಡರಗಿಯ ಮನೆಯಲ್ಲೇ ಇರಬಹುದು.

'ಸರಿಯಾಗಿ ಆರಿಸಿದ' ಎಂಬಲ್ಲೇ ಎಲ್ಲ ನಿಂತಿದೆ. ಪಿ128ಗೆ ಸ್ಟೆಫಿಲೋಕಾಕಸ್ ಬಿಟ್ಟು ಬೇರೆ ಗೊತ್ತಿಲ್ಲ. ಫೇಜ್‌ಗಳು ಇನ್ನೂ ಹಟಮಾರಿ, ಒಂದೇ ಜಾತಿಯಲ್ಲೂ ಕೆಲವನ್ನು ಮುಟ್ಟುತ್ತವೆ, ಕೆಲವನ್ನು ಬಿಡುತ್ತವೆ. ಮದ್ದು ಹೊಸದಾದಷ್ಟೂ ಬ್ಯಾಕ್ಟೀರಿಯಾದ ಗುರುತು ಖಚಿತವಾಗಿ ಗೊತ್ತಿರಬೇಕು. ಅದು ಗೊತ್ತಾಗುವ ದಾರಿ ಕಲ್ಚರ್ ಪರೀಕ್ಷೆ. ಬಾತ ಮೊಣಕಾಲನ್ನು ಸ್ವಚ್ಛ ಮಾಡಿ, ಸೂಜಿಯಿಂದ ಒಳಗಿನ ನೀರು ಎಳೆದು ಕಲ್ಚರ್ ಬಾಟಲಿಗೆ ಹಾಕುತ್ತಾರೆ. ಆಪರೇಷನ್ ಆದರೆ ಬೇರೆಬೇರೆ ಕಡೆಯಿಂದ ಐದಾರು ತುಣುಕು ತೆಗೆಯುತ್ತಾರೆ. ಕೆಲವು ಬ್ಯಾಕ್ಟೀರಿಯಾ ಬೆಳೆದು ಕಾಣಲು ಎರಡು ವಾರ ಹಿಡಿಯುತ್ತವೆ. ಕೊನೆಗೆ ಬರುವ ವರದಿಯಲ್ಲಿ ಔಷಧಗಳ ಸಾಲು. ಎದುರಿಗೆ ಎಸ್ ಎಂದಿದ್ದರೆ ಕೆಲಸ ಮಾಡುತ್ತದೆ, ಆರ್ ಎಂದಿದ್ದರೆ ಇಲ್ಲ.

ಇದನ್ನೆಲ್ಲ ಕೆಡಿಸಲು ನಾಲ್ಕು ಗುಳಿಗೆ ಸಾಕು. "ಅಣ್ಣಾರ, ಅವ್ವನ ಕಾಲು ಬಾತೈತ್ರಿ, ಏನರ ಒಂದ್ ಗುಳಗಿ ಕೊಡ್ರಿ" ಎಂದರೆ ಅಂಗಡಿಯಲ್ಲಿ ಆ್ಯಂಟಿಬಯೋಟಿಕ್ ಕೈಗೆ ಬರುತ್ತದೆ, ಪಟ್ಟಿಯ ಮೇಲೆ ಕೆಂಪು ಗೆರೆ ಎಳೆದಿದ್ದರೂ. ಆ ಗುಳಿಗೆ ಕೀಲಿನ ನೀರಿನಲ್ಲಿರುವ ಬ್ಯಾಕ್ಟೀರಿಯಾವನ್ನು ಅಡಗಿಸುತ್ತದೆ, ಪೊರೆಯೊಳಗಿನದನ್ನು ಹಾಗೇ ಬಿಡುತ್ತದೆ. ಕಲ್ಚರ್ ವರದಿ ಖಾಲಿ ಬರುತ್ತದೆ. ರೋಗಿಯ ಸ್ಥಿತಿ ಗಂಭೀರವಾಗಿರದಿದ್ದರೆ, ಆಗ ವೈದ್ಯರು ಔಷಧ ನಿಲ್ಲಿಸಿ ಎರಡು ವಾರ ಕಾದು ಮತ್ತೆ ಸೂಜಿ ಹಾಕಬೇಕಾಗುತ್ತದೆ.

ಕಾಯಲು ಕಾಲವೂ ಕಡಿಮೆ. ಬಾವು, ನೋವು ಶುರುವಾಗಿ ಸುಮಾರು ಮೂರು ವಾರದೊಳಗೆ ಕೀಲನ್ನು ತೆರೆದು ತೊಳೆದು, ನಡುವಿನ ಪ್ಲಾಸ್ಟಿಕ್ ಬಿಲ್ಲೆಯನ್ನಷ್ಟೇ ಬದಲಿಸಿದರೆ ಲೋಹದ ಕೀಲು ಉಳಿಯುವ ಸಾಧ್ಯತೆ ಹೆಚ್ಚು. ಹಾಗಾಗಿ ಗಾಯದಿಂದ ನೀರು ಜಿನುಗಿದರೆ, ಆರಾಮಾಗಿದ್ದ ಮೊಣಕಾಲು ಕೆಂಪಗೆ ಬಿಸಿಯಾದರೆ ಸುಗ್ಗಿ ಮುಗಿಯಲಿ ಎನ್ನಬೇಡಿ, ಅಂಗಡಿಗೆ ಹೋಗಬೇಡಿ. ಆಪರೇಷನ್ ಮಾಡಿದ ವೈದ್ಯರ ಬಳಿಗೆ, ಅವರು ದೂರವಿದ್ದರೆ ಮಲ್ಲಸಮುದ್ರದ ಜಿಮ್ಸ್ ಆಸ್ಪತ್ರೆಗೋ ಹುಬ್ಬಳ್ಳಿಯ ಕೆಎಂಸಿಆರ್‌ಐಗೋ (ಹಿಂದಿನ ಕಿಮ್ಸ್) ಹೋಗಿ, ಔಷಧ ಶುರುಮಾಡುವ ಮುಂಚೆ ಕೇಳಿ: "ಡಾಕ್ಟ್ರೇ, ಕಲ್ಚರ್‌ಗೆ ನೀರು ತಗೊಂಡ್ರ್ಯಾ?"