ಸ್ಟೀರಿಯೋ ಸೆಟ್ಟಿನ ಹಿಂಬದಿ

ಸ್ಟೀರಿಯೋ ಸೆಟ್ಟಿನ ಮುಂಭಾಗವನ್ನು ಎಲ್ಲರೂ ನೋಡುತ್ತಾರೆ. ಮಿನುಗುವ ದೀಪಗಳು, ತಿರುಗಿಸುವ ಗುಂಡಿಗಳು, ಕಪ್ಪು ಜಾಲರಿಯ ಸ್ಪೀಕರುಗಳು ನೆಂಟರಿಗೂ ಕಾಣುತ್ತವೆ. ಆದರೆ ಸೆಟ್ಟಿನ ಯೋಗ್ಯತೆ ತೀರ್ಮಾನವಾಗುವುದು ಹಿಂಬದಿಯಲ್ಲಿ. ಯಾವ ವೈರು ಯಾವ ತೂತಿಗೆ ಹೋಗಿದೆ ಎಂಬುದು ತಪ್ಪಿದರೆ ದುಬಾರಿ ಸೆಟ್ಟೂ ಹಳೆಯ ರೇಡಿಯೋದಂತೆ ಒರಲುತ್ತದೆ.

ಕಾಸರಗೋಡಿನ ಗಡಿಯ ಬೆಳ್ಳೂರು, ಕಿನ್ನಿಂಗಾರು, ಮುಳ್ಳೇರಿಯ ಕಡೆಯ ಮನೆಗಳಿಗೆ ಇದು ಬರಿಯ ಶೋಕಿಯ ಮಾತಲ್ಲ. ಒಂದು ಕಾಲದಲ್ಲಿ ಗಲ್ಫಿಗೆ ಹೋದವರು ತಂದ ಸೆಟ್ಟುಗಳು ಇನ್ನೂ ಕೆಲವು ಮನೆಗಳ ಮೂಲೆಯಲ್ಲಿವೆ. ಅಟ್ಟದ ಪೆಟ್ಟಿಗೆಯಲ್ಲಿ ಕ್ಯಾಸೆಟ್ಟುಗಳಿವೆ. ಅವು ಸಿನಿಮಾ ಹಾಡುಗಳಾದರೆ ಚಿಂತೆಯಿಲ್ಲ, ಎಲ್ಲಿಯಾದರೂ ಸಿಕ್ಕೀತು. ಆದರೆ ಊರಿನ ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನೋ ಬಲಿಪ ನಾರಾಯಣ ಭಾಗವತರ ಪದವನ್ನೋ ಮನೆಯವರು ಯಾರೋ ಎದುರು ಕುಳಿತು ತುಂಬಿಸಿಕೊಂಡಿದ್ದರೆ ಅದರ ಎರಡನೆಯ ಪ್ರತಿ ಬಹುಶಃ ಇಲ್ಲ. ಶೇಣಿಯವರು 2006ರಲ್ಲಿ, ಬಲಿಪರು 2023ರಲ್ಲಿ ತೀರಿಕೊಂಡರು. ಚಾತುರ್ಮಾಸದ ಪ್ರವಚನ, ಮದುವೆ ಮನೆಯಲ್ಲಿ ಅಜ್ಜಿ ಹೇಳಿದ ಹಾಡು ಇವೂ ಅಂಥವೇ. ನಮ್ಮ ಮಳೆಗಾಲದ ತೇವಕ್ಕೆ ಟೇಪಿನ ಸುರುಳಿ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಸೆಟ್ಟನ್ನು ಒಮ್ಮೆ ಸರಿಯಾಗಿ ಜೋಡಿಸಿ, ಕೇಳಿ, ಪ್ರತಿ ತೆಗೆದಿಡುವುದು ಒಳ್ಳೆಯದು.

ಎಲ್ಲಕ್ಕಿಂತ ಮೊದಲು ವೋಲ್ಟೇಜು. ಗಲ್ಫಿನಿಂದ ಬಂದ ಹಲವು ಸೆಟ್ಟುಗಳ ಹಿಂದೆ 110 ಮತ್ತು 220 ಎಂದು ಬರೆದ ಒಂದು ಸಣ್ಣ ಸ್ವಿಚ್ಚು ಇರುತ್ತದೆ. ಸೌದಿಯ ಮನೆಗಳಲ್ಲಿ ಆಗ 127 ವೋಲ್ಟಿನ ಕರೆಂಟು ಇತ್ತು, ನಮ್ಮದು 230. ಸ್ವಿಚ್ಚು 110ರಲ್ಲಿದ್ದಂತೆಯೇ ಪ್ಲಗ್ಗು ಹಾಕಿದರೆ ಉಳಿದ ಮಾತು ರಿಪೇರಿಯವನ ಹತ್ತಿರ.

ಇನ್ನು ಜೋಡಣೆ. ಸೆಟ್ಟಿನಲ್ಲಿ ಮೂರು ಬಗೆಯ ಅಂಗಗಳು. ಧ್ವನಿ ಹುಟ್ಟಿಸುವವು, ಅಂದರೆ ಕ್ಯಾಸೆಟ್ ಡೆಕ್, ಸಿ.ಡಿ. ಪ್ಲೇಯರ್, ರೇಡಿಯೋ ಟ್ಯೂನರ್, ಈಗ ಮೊಬೈಲ್ ಫೋನು. ಅದನ್ನು ಹಿಗ್ಗಿಸುವ ಆಂಪ್ಲಿಫೈಯರ್. ಕೊನೆಗೆ ಸ್ಪೀಕರ್. ಡೆಕ್ಕಿನ 'ಲೈನ್ ಔಟ್'ನಿಂದ ಹೊರಟ ಎರಡು ಪಿನ್ನಿನ ವೈರು ಆಂಪ್ಲಿಫೈಯರಿನ 'ಟೇಪ್ ಪ್ಲೇ'ಗೆ ಹೋಗಬೇಕು. ಕೆಂಪು ಪಿನ್ನು ಬಲಕ್ಕೆ, ಬಿಳಿ ಅಥವಾ ಕಪ್ಪು ಎಡಕ್ಕೆ. ಡೆಕ್ಕಿಗೆ ತುಂಬಿಸಿಕೊಳ್ಳಬೇಕಿದ್ದರೆ ಮಾತ್ರ ಎರಡನೆಯ ಜೋಡಿ ವೈರು, ಆಂಪ್ಲಿಫೈಯರಿನ 'ರೆಕ್ ಔಟ್'ನಿಂದ ಡೆಕ್ಕಿನ 'ಲೈನ್ ಇನ್'ಗೆ. ಮೊಬೈಲಿಗೆ ಒಂದು ತುದಿಯಲ್ಲಿ ಹೆಡ್‌ಫೋನ್ ಪಿನ್ನು, ಇನ್ನೊಂದರಲ್ಲಿ ಎರಡು ಪಿನ್ನು ಇರುವ ವೈರು ಸಿಗುತ್ತದೆ. ಅದನ್ನು 'ಆಕ್ಸ್'ಗೆ ಸಿಕ್ಕಿಸಿದರೆ ಸಾಕು.

ಒಂದು ತೂತಿನ ಬಗ್ಗೆ ಮಾತ್ರ ಎಚ್ಚರ ಬೇಕು. 'ಫೋನೋ' ಎಂದು ಬರೆದಿರುವುದು ಗ್ರಾಮಾಫೋನ್ ತಟ್ಟೆಯ ಪ್ಲೇಯರಿಗೆ ಮೀಸಲು. ಅದರ ಮುಳ್ಳಿನಿಂದ ಬರುವುದು ಸುಮಾರು 5 ಮಿಲಿವೋಲ್ಟು. ಸಿ.ಡಿ. ಪ್ಲೇಯರು ಕೊಡುವುದು 2 ವೋಲ್ಟಿನವರೆಗೆ, ಎಂದರೆ 400 ಪಾಲು ಹೆಚ್ಚು. ಚಿಲ್ಲರೆ ತೂಗುವ ತಕ್ಕಡಿಯಲ್ಲಿ ಅಡಿಕೆಯ ಮೂಟೆ ಇಟ್ಟ ಹಾಗೆ! ಧ್ವನಿ ಒಡೆದು ಕರಕರ ಎನ್ನುತ್ತದೆ, ಸ್ಪೀಕರಿಗೂ ಪೆಟ್ಟು.

ಸ್ಪೀಕರಿನ ವೈರಿನಲ್ಲಿ ಕೆಂಪು, ಕಪ್ಪು ಎರಡೂ ಕಡೆ ಹೊಂದಿಕೆಯಾಗಬೇಕು. ಒಂದು ಸ್ಪೀಕರಿನದು ಮಾತ್ರ ಅದಲುಬದಲಾದರೆ ಒಂದರ ಪರದೆ ಮುಂದೆ ಬರುವಾಗ ಇನ್ನೊಂದರದು ಹಿಂದೆ ಸರಿಯುತ್ತದೆ, ಮದ್ದಳೆಯ ಗುಂಭ ಕರಗಿಹೋಗುತ್ತದೆ. ಇದನ್ನು ಪರೀಕ್ಷಿಸಲು ತಾಳಮದ್ದಳೆಯ ಕ್ಯಾಸೆಟ್ಟಿಗಿಂತ ಒಳ್ಳೆಯ ಸಾಧನವಿಲ್ಲ. ಒಂದೇ ಮೈಕಿನಲ್ಲಿ ತುಂಬಿಸಿದ್ದಾದ್ದರಿಂದ ಎರಡು ಸ್ಪೀಕರುಗಳ ನಡುವೆ ಕುಳಿತರೆ ಅರ್ಥಧಾರಿಯ ಮಾತು ಸರಿಯಾಗಿ ಎದುರಿನಿಂದಲೇ ಬರಬೇಕು. ಎಲ್ಲೆಲ್ಲಿಂದಲೋ ಬಂದಂತೆ ಅನಿಸಿದರೆ ಒಂದು ಸ್ಪೀಕರಿನ ವೈರನ್ನು ತಿರುಗಿಸಿ. ಸುಲಿದ ವೈರಿನ ಒಂದು ಎಳೆಯೂ ಪಕ್ಕದ ತುದಿಗೆ ತಾಗಬಾರದು; ತಾಗಿದರೆ ಆಂಪ್ಲಿಫೈಯರಿನ ಟ್ರಾನ್ಸಿಸ್ಟರು ಸುಡಬಹುದು. 8 ಓಮಿನ ಎರಡು ಸ್ಪೀಕರುಗಳನ್ನು ಒಂದೇ ಕಡೆಗೆ ಜೊತೆಯಾಗಿ ಕಟ್ಟಿದರೆ 4 ಓಮ್ ಆಗುತ್ತದೆ. ಜಗಲಿಗೆಂದು ಹೆಚ್ಚುವರಿ ಸ್ಪೀಕರು ಕಟ್ಟುವವರು ತಮ್ಮ ಸೆಟ್ಟು ಅದನ್ನು ತಾಳುವುದೇ ಎಂದು ಹಿಂಬದಿಯ ಬರಹ ಓದಿಕೊಳ್ಳಲಿ.

ವೈರಿನ ಬೆಲೆಯ ಬಗ್ಗೆ ವ್ಯಾಪಾರಸ್ಥರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಚಿನ್ನದ ಲೇಪದ ಮಾತು ಕೇಳಿ ಮರುಳಾಗಬೇಡಿ. ಸಾಮಾನ್ಯ ಕೋಣೆಗೆ 1.5 ಚದರ ಮಿಲಿಮೀಟರಿನ ತಾಮ್ರದ ವೈರು ಧಾರಾಳ.

ಎಲ್ಲ ಜೋಡಿಸಿದ ಮೇಲೂ ಗುಂಯ್ ಎಂಬ ಸದ್ದು ಬಂದರೆ? ಟಿ.ವಿ.ಯ ಕೇಬಲನ್ನು ಒಮ್ಮೆ ಕಿತ್ತು ನೋಡಿ. ಸದ್ದು ನಿಂತರೆ ಎರಡು ಕಡೆಯಿಂದ ಅರ್ತ್ ಸಿಕ್ಕಿದ್ದೇ ಕಾರಣ. ಎಲ್ಲ ಪ್ಲಗ್ಗುಗಳನ್ನು ಒಂದೇ ಬೋರ್ಡಿಗೆ ತಂದರೆ ಹೆಚ್ಚಾಗಿ ಕಡಿಮೆಯಾಗುತ್ತದೆ. ಸೆಟ್ಟಿನ ಅರ್ತ್ ಪಿನ್ನನ್ನೇ ಮುರಿದು ಸದ್ದು ನಿಲ್ಲಿಸುವ ಬುದ್ಧಿವಂತಿಕೆ ಮಾತ್ರ ಬೇಡ, ಅದು ಜೀವಕ್ಕೆ ಅಪಾಯ.

ಪ್ರತಿ ತೆಗೆಯುವ ಕೆಲಸ ಈಗ ಸುಲಭ. ಡೆಕ್ಕಿನ 'ಲೈನ್ ಔಟ್'ನ್ನು ಕಂಪ್ಯೂಟರಿನ ನೀಲಿ ಬಣ್ಣದ 'ಲೈನ್ ಇನ್'ಗೆ ಕೊಡಿ, ಗುಲಾಬಿ ಬಣ್ಣದ ಮೈಕ್ ತೂತಿಗಲ್ಲ. ಅದು ಇಲ್ಲದ ಲ್ಯಾಪ್‌ಟಾಪಿಗೆ ಯು.ಎಸ್.ಬಿ.ಯ ಸಣ್ಣ ಪೆಟ್ಟಿಗೆ ಸಿಗುತ್ತದೆ. 2000ದಲ್ಲಿ ಬಂದ 'ಆಡಾಸಿಟಿ' ಎಂಬ ತಂತ್ರಾಂಶ ಉಚಿತ. ಮೊದಲು ಡೆಕ್ಕಿನ ಹೆಡ್ಡನ್ನು ಐಸೋಪ್ರೊಪೈಲ್ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಮನೆಯ ಟೇಪ್ ರೆಕಾರ್ಡರಿನಲ್ಲಿ ತುಂಬಿಸಿದ್ದಾದರೆ ಡೆಕ್ಕಿನ ಡಾಲ್ಬಿ ಗುಂಡಿ ಆರಿರಲಿ. 60 ನಿಮಿಷದ ಕ್ಯಾಸೆಟ್ಟಿಗೆ ಸ್ಟೀರಿಯೋದಲ್ಲಿ ಸುಮಾರು 600 ಎಂ.ಬಿ. ಜಾಗ, ಮೋನೋದಲ್ಲಿ ಅರ್ಧ ಸಾಕು. ಬೂಷ್ಟು ಹಿಡಿದ ಟೇಪನ್ನು ಒಳ್ಳೆಯ ಡೆಕ್ಕಿಗೆ ಹಾಕಲೇಬೇಡಿ, ಅದು ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಪ್ರತಿಯ ಹೆಸರಿನಲ್ಲಿ ಪ್ರಸಂಗ, ಊರು, ವರ್ಷ, ಭಾಗವಹಿಸಿದವರು ಇರಲಿ. ಈ ವಿವರಗಳನ್ನು ಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಬರೆದುಕೊಳ್ಳಿ.

ಈ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚಿಯವರೆಗಿನ ಒಣ ದಿನಗಳು ಅನುಕೂಲ. ಏಪ್ರಿಲ್–ಮೇ ತಿಂಗಳ ಸಂಜೆಗಳಲ್ಲಿ, ತುಲಾಮಾಸದ ಮಳೆಯಲ್ಲಿ ನಮ್ಮ ಕಡೆ ಗುಡುಗು ಮಿಂಚು ಜೋರು. ದೂರದಲ್ಲಿ ಗುಡುಗಿದಾಗಲೇ ಪ್ಲಗ್ಗನ್ನೂ ಆಂಟೆನಾ, ಕೇಬಲಿನ ವೈರನ್ನೂ ಕಿತ್ತಿಡಿ. ಸ್ವಿಚ್ಚು ಆರಿಸಿದರಷ್ಟೇ ಸಾಲದು.